ಹೆಸರಿನ ಹಕ್ಕು ಮೊದಲು ಬಂದವರದೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತೆಂಗಿನ ತಾಲ್ಲೂಕುಗಳಲ್ಲಿ ಕಸಬಾ ಎಂಬ ಹೋಬಳಿ ಇದೆ. ಅದರಿಂದ ಯಾರ ಪಹಣಿಯೂ ಅದಲುಬದಲಾಗುವುದಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಇಳಿಯುವ ವಿಳಾಸದಲ್ಲಿ ಕಸಬಾದ ಬೆನ್ನಿಗೆ ತಾಲ್ಲೂಕಿನ ಹೆಸರು ಇದ್ದೇ ಇರುತ್ತದೆ. ಕಂಪ್ಯೂಟರಿನಲ್ಲಿ ಫೈಲುಗಳ ವಿಳಾಸವೂ ಹೀಗೆಯೇ. ತಕರಾರು ಶುರುವಾಗುವುದು ಎಲ್ಲರೂ ಒಂದೇ ಹೋಬಳಿಯಲ್ಲಿ, ಒಂದೇ ಹೆಸರಿನಲ್ಲಿ ಖಾತೆ ಮಾಡಿಸಲು ಬಂದಾಗ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಆ ಹೋಬಳಿ ‘/ಯುಎಸ್‌ಆರ್/ಬಿನ್’ ಎಂಬ ಫೋಲ್ಡರ್. ಹೆಸರು ಟೈಪಿಸಿ ಓಡಿಸುವ ತಂತ್ರಾಂಶಗಳಲ್ಲಿ ಬಹುಪಾಲು ಅಲ್ಲಿಯೇ ಬಂದು ಕೂರುತ್ತವೆ. ಎರಡು ಅಕ್ಷರದ, ಮೂರು ಅಕ್ಷರದ ಚಿಕ್ಕ ಹೆಸರಿಗೆ ಅಲ್ಲಿ ಭಾರಿ ಬೇಡಿಕೆ.

ಈ ತಕರಾರಿನಲ್ಲಿ ತೀರ್ಪು ಕೊಡಬೇಕಾದ ಇಕ್ಕಟ್ಟಿಗೆ ಸಿಕ್ಕಿರುವುದು 1993ರಲ್ಲಿ ಹುಟ್ಟಿದ ಡೆಬಿಯನ್ ಎಂಬ ಲಿನಕ್ಸ್ ವಿತರಣೆ. ಉಬುಂಟು ಸಹ ಇದನ್ನೇ ಆಧರಿಸಿದ್ದು. ‘ನೋಡ್’ ಪ್ರಕರಣ ನೋಡಿ. ಹ್ಯಾಮ್ ರೇಡಿಯೊ ಹವ್ಯಾಸಿಗಳ ತಂತ್ರಾಂಶವೊಂದು ಆ ಹೆಸರಿನಲ್ಲಿ ಮೊದಲೇ ನೆಲೆಯೂರಿತ್ತು. 2009ರಲ್ಲಿ ಬಂದ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ಕೂಡ ಅದೇ ಹೆಸರಿನಿಂದ ಓಡುತ್ತದೆ. ಬಳಕೆದಾರರ ಸಂಖ್ಯೆಯಲ್ಲಿ ಹೋಲಿಕೆಯೇ ಇಲ್ಲ. ಆದರೆ ರೇಡಿಯೊದವರ ವಾದವನ್ನೂ ತಳ್ಳಿಹಾಕುವಂತಿರಲಿಲ್ಲ. ಎಲ್ಲೋ ದೂರದಲ್ಲಿ, ನೋಡಿಕೊಳ್ಳುವವರಿಲ್ಲದೆ ವರ್ಷಗಟ್ಟಲೆ ಓಡುವ ಯಂತ್ರದಲ್ಲಿ ಹೆಸರು ಬದಲಾಯಿಸಿದರೆ ಸಂಪರ್ಕವೇ ಕಡಿದುಹೋದೀತು ಎಂಬುದು ಅವರ ಭಯ.

ಡೆಬಿಯನ್ ನೀತಿ ಇಲ್ಲಿ ನಿಷ್ಠುರ. ಬೇರೆ ಬೇರೆ ಕೆಲಸ ಮಾಡುವ ಎರಡು ತಂತ್ರಾಂಶಗಳು ಒಂದೇ ಫೈಲ್ ಹೆಸರಿನಲ್ಲಿ ಬರಕೂಡದು. ಯಾರಾದರೊಬ್ಬರು ಹೆಸರು ಬದಲಿಸಬೇಕು. ಒಮ್ಮತವಾಗದಿದ್ದರೆ ಇಬ್ಬರೂ ಬದಲಿಸಬೇಕು. 2012ರಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿಯ ತೀರ್ಮಾನದಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ. ರೇಡಿಯೊದವರದು ‘ಎಎಕ್ಸ್25-ನೋಡ್’ ಆಯಿತು, ಇನ್ನೊಂದು ‘ನೋಡ್‌ಜೆಎಸ್’. ಆದರೆ ಜಗತ್ತಿನ ಲೆಕ್ಕವಿಲ್ಲದಷ್ಟು ಸ್ಕ್ರಿಪ್ಟ್‌ಗಳ ಮೊದಲ ಸಾಲು ‘ನೋಡ್’ ಎಂದೇ ಕರೆಯುತ್ತಿತ್ತಲ್ಲ, ಅವು ಡೆಬಿಯನ್‌ನಲ್ಲಿ ಓಡದೆ ನಿಂತವು. ಅದಕ್ಕೆಂದೇ ಹಳೆಯ ಹೆಸರನ್ನು ಒದಗಿಸುವ ಇನ್ನೊಂದು ಪ್ಯಾಕೇಜ್ (ತಂತ್ರಾಂಶದ ಕಟ್ಟು) ಕೊಡಬೇಕಾಯಿತು. ಕಡೆಗೆ 2017ರಲ್ಲಿ ಸಮಿತಿ ತನ್ನ ತೀರ್ಮಾನವನ್ನು ಹಿಂಪಡೆಯಿತು. ಗೆದ್ದದ್ದು ಜನಪ್ರಿಯತೆ. ಹಾಗೆಂದು ನಿಯಮವೇ ತಪ್ಪು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇಬ್ಬರೂ ಸೋಲಬಹುದು ಎಂಬ ಹೆದರಿಕೆ ಇಲ್ಲದಿದ್ದರೆ ದೊಡ್ಡವರು ಚಿಕ್ಕವರ ಜೊತೆ ಮಾತಿಗೇ ಕೂರುವುದಿಲ್ಲ.

ಮಾತಿಗೆ ಕೂತು ಬಗೆಹರಿದದ್ದೂ ಉಂಟು. ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ, ಪ್ರೋಗ್ರಾಮುಗಳ ಆವೃತ್ತಿಗಳ ಲೆಕ್ಕವಿಡುವ ‘ಗಿಟ್’, ಡೆಬಿಯನ್‌ನಲ್ಲಿ ವರ್ಷಗಳ ಕಾಲ ‘ಗಿಟ್-ಕೋರ್’ ಎಂಬ ಹೆಸರಿನಲ್ಲಿತ್ತು. ಅಲ್ಲಿ ‘ಗಿಟ್’ ಎಂಬ ಹೆಸರು ಮೊದಲೇ ಹಳೆಯ ಗ್ನೂ ಇಂಟರ್‍ಯಾಕ್ಟಿವ್ ಟೂಲ್ಸ್‌ನದು. ಅದು ‘ಗ್ನುಇಟ್’ ಎಂದು ಬದಲಿಸಿಕೊಂಡು ದಾರಿ ಬಿಟ್ಟಿತು. ‘ಬ್ಯಾಟ್’ ಎಂಬ ಉಪಕರಣ ಮಾತ್ರ ಇಂದಿಗೂ ಡೆಬಿಯನ್‌ನಲ್ಲಿ ‘ಬ್ಯಾಟ್‌ಕ್ಯಾಟ್’. ‘ಬ್ಯಾಟ್’ ಎಂಬ ಹೆಸರು ಮೊದಲೇ ಬ್ಯಾಕಪ್ ತಂತ್ರಾಂಶವೊಂದರ ಪಾಲಾಗಿತ್ತು.

ನಮ್ಮ ಕಡೆಗೆ ಇದು ತಟ್ಟುವುದು ಎಲ್ಲಿ? ಸರ್ಕಾರಿ ಪ್ರೌಢಶಾಲೆಗಳ ತಂತ್ರಜ್ಞಾನ ನೆರವಿನ ಕಲಿಕೆಯ (ಟಿಎಎಲ್‌ಪಿ) ಕಾರ್ಯಕ್ರಮದಲ್ಲಿ ಉಬುಂಟು ಬಳಕೆಗೆ ಬಂದಿತು. ನೊಣವಿನಕೆರೆಯಲ್ಲೋ ಮಾಯಸಂದ್ರದಲ್ಲೋ ಹಳೆಯ ಯಂತ್ರದ ಮುಂದೆ ಕೂತ ಮೇಷ್ಟ್ರನ್ನು ಊಹಿಸಿಕೊಳ್ಳಿ. ಹೊರಗಿನಿಂದ ತಂದ ಪ್ಯಾಕೇಜ್ ಹಾಕಲು ಹೋದರೆ ಪರದೆಯ ಮೇಲೆ ಬರುವುದು ಇಷ್ಟು: ಈ ಫೈಲನ್ನು ಅಳಿಸಿ ಬರೆಯಲು ಹೊರಟಿದ್ದೀರಿ, ಇದು ಇಂಥ ಪ್ಯಾಕೇಜಿನಲ್ಲೂ ಇದೆ. ಕೆಲಸ ಅಲ್ಲಿಗೆ ನಿಲ್ಲುತ್ತದೆ. ಆಗ ಯಾರೋ ಹೇಳಿಕೊಡುವ ಮದ್ದು ‘ಫೋರ್ಸ್-ಓವರ್‌ರೈಟ್’. ಬಲವಂತದಿಂದ ಹಾಕಿದರೆ ಆ ಫೈಲಿನ ಒಡೆತನ ಹೊಸ ಪ್ಯಾಕೇಜಿಗೆ ಹೋಗುತ್ತದೆ. ನಾಳೆ ಅದನ್ನು ತೆಗೆದುಹಾಕಿದಾಗ ಫೈಲೂ ಅದರೊಂದಿಗೆ ಹೋಗುತ್ತದೆ. ಹಳೆಯ ಪ್ಯಾಕೇಜ್ ಪಟ್ಟಿಯಲ್ಲಿ ಮಾತ್ರ ಉಳಿದು ಓಡದೆ ಕೂರುತ್ತದೆ. ಇಂಥ ಸಲಹೆ ಕೊಡುವವರು ಎರಡು ನಿಮಿಷ ತೆಗೆದುಕೊಂಡು ‘ಡಿಪಿಕೆಜಿ -ಎಸ್’ ಆದೇಶದಿಂದ ಫೈಲು ಯಾರದು ಎಂದು ಹುಡುಕುವುದನ್ನು ಕಲಿಸಿದ್ದರೆ ಒಳ್ಳೆಯದಿತ್ತು.

ಪ್ರತಿ ತಂತ್ರಾಂಶಕ್ಕೂ ಬೇರೆ ಮನೆಯನ್ನೇ ಕೊಟ್ಟುಬಿಡೋಣ ಎನ್ನುವವರೂ ಇದ್ದಾರೆ. ನಿಕ್ಸ್, ಫ್ಲ್ಯಾಟ್‌ಪ್ಯಾಕ್ ಎಂಬ ಪ್ಯಾಕೇಜ್ ವ್ಯವಸ್ಥೆಗಳು ಹಿಡಿದದ್ದು ಆ ದಾರಿ. ಜಗಳ ಬಹುಮಟ್ಟಿಗೆ ತಪ್ಪುತ್ತದೆ, ನಿಜ. ಆದರೆ ತನಗೆ ಬೇಕಾದ ಸರಂಜಾಮನ್ನೆಲ್ಲ ಕಟ್ಟಿಕೊಂಡು ಬರುವ ಪ್ಯಾಕೇಜುಗಳಿಗೆ ಡಿಸ್ಕಿನಲ್ಲಿ ಜಾಗ ಬೇಕು, ಇಳಿಸಿಕೊಳ್ಳಲು ಗಟ್ಟಿ ಇಂಟರ್ನೆಟ್ ಬೇಕು. ಹಳ್ಳಿಯ ಲ್ಯಾಬಿಗೆ ಇದು ದುಬಾರಿ ಶಾಂತಿ.

ಕನ್ನಡ ತಂತ್ರಾಂಶದ ಕೆಲಸಗಾರರಿಗೆ ಹೇಳಬೇಕಾದದ್ದು ಬೇರೆ ಇದೆ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳಿವೆ. ನಮ್ಮ ನೆರೆಯ ತಾಲ್ಲೂಕು ಗುಬ್ಬಿಗೂ ಇದಕ್ಕೂ ಸಂಬಂಧ ಹುಡುಕಬೇಡಿ, ಇದು ನವಿಲಿನ ಜೊತೆಯ ಹಕ್ಕಿ. ಪ್ಯಾಕೇಜಿನ ಹೆಸರು ಬರೀ ‘ಗುಬ್ಬಿ’ ಅಲ್ಲ, ‘ಫಾಂಟ್ಸ್-ಗುಬ್ಬಿ’. ನಾಳೆ ಯಾರಾದರೂ ‘ಗುಬ್ಬಿ’ ಎಂಬ ಆಟ ಬರೆದರೆ ಎರಡಕ್ಕೂ ಜಾಗವಿದೆ. ಹಿಂದೆ ‘ಟಿಟಿಎಫ್-’ ಎಂದಿದ್ದ ಫಾಂಟ್ ಪ್ಯಾಕೇಜುಗಳು ‘ಫಾಂಟ್ಸ್-’ ಆದಾಗ ಒಂದೇ ಫಾಂಟ್ ಫೈಲು ಹಳೆಯದರಲ್ಲೂ ಹೊಸದರಲ್ಲೂ ಇರುವ ಗಳಿಗೆ ಬಂತು. ಇಂಥ ಕಡೆ ಹೊಸ ಪ್ಯಾಕೇಜು ತಾನು ಹಳೆಯದರ ಬದಲಿಗೆ ಬಂದದ್ದೆಂದು ಸ್ಪಷ್ಟವಾಗಿ ಬರೆದುಕೊಂಡಿರಬೇಕು, ಆಗ ಹಸ್ತಾಂತರ ಸಲೀಸು. ಕನ್ನಡಕ್ಕೆ ಪದಪರೀಕ್ಷಕ, ನಿಘಂಟು, ಓಸಿಆರ್ ಬರೆಯುವವರು ಆದೇಶಕ್ಕೆ ‘ಪದ’ ಅಥವಾ ‘ನುಡಿ’ ಎಂದು ಮೊಟಕಾಗಿ ಇಡುವ ಆಸೆ ಬಿಡಲಿ. ಹೆಸರಿನ ಮುಂದೆ ಯೋಜನೆಯ ಗುರುತೊಂದನ್ನು ಸೇರಿಸಲಿ, ಇಡುವ ಮೊದಲು ಡೆಬಿಯನ್, ಫೆಡೋರಾ ಭಂಡಾರಗಳಲ್ಲಿ ಹುಡುಕಲಿ. ಬಿಡುಗಡೆಯಾಗಿ ಹತ್ತು ಶಾಲೆಗಳಿಗೆ ಹೋದಮೇಲೆ ಹೆಸರು ಬದಲಿಸುವ ಖರ್ಚು ಬರೆದವರದಲ್ಲ, ಬಳಸುವ ಮೇಷ್ಟ್ರದು.