ಮಂದ್ರಸ್ವರದ ಕೊರತೆಯೂ ಹಳೆಯ ಬೇಸ್ ಗಿಟಾರೂ

ಹೆಣ್ಣುಮಕ್ಕಳ ಶಾಲೆಯ ಗಾಯನಮಂಡಲಿಯಲ್ಲಿ ಸ್ವಭಾವತಃ ಒಂದು ಕೊರತೆಯುಂಟು. ನಾಲ್ಕು ಧ್ವನಿಗಳಿಗೆಂದು ರಚಿತವಾದ ಸ್ತೋತ್ರಗಳಲ್ಲಿ ಮೇಲಿನ ಎರಡನ್ನು ನಮ್ಮ ಹುಡುಗಿಯರು ಸೊಗಸಾಗಿ ಹಾಡುವರು. ಮೂರನೆಯದನ್ನು ಪ್ರಯಾಸದಿಂದ ಮುಟ್ಟುವರು. ಎಲ್ಲಕ್ಕೂ ಕೆಳಗಿನ ನಾಲ್ಕನೆಯದು ಮಾತ್ರ ಹಾಡುವವರಿಲ್ಲದೆ ಬರಿದಾಗಿ ಉಳಿಯುವುದು. ಗೋಡೆಯೂ ಮಾಡೂ ಚೆಲುವಾಗಿದ್ದು ತಳಪಾಯವೇ ಇಲ್ಲದ ಮನೆಯಂತೆ ಆ ಸಂಗೀತವು ಕೇಳಿಬರುವುದು. ಈ ಕೊರತೆಯನ್ನು ತುಂಬುವುದಕ್ಕಾಗಿ ಒಂದು ವಿದ್ಯುತ್ ಬೇಸ್ ಗಿಟಾರನ್ನು, ಅದರಲ್ಲಿಯೂ ಒಬ್ಬರು ಬಳಸಿ ಬಿಟ್ಟ, ಆದರೆ ಗಟ್ಟಿಯಾಗಿರುವ ಒಂದನ್ನು, ಮಿತವಾದ ಬೆಲೆಗೆ ಕೊಳ್ಳತಕ್ಕದ್ದೆಂದು ನಮ್ಮ ಅಭಿಪ್ರಾಯವು. ಇದಕ್ಕೆ ಬೇಕಾದ ಹಣವು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಕಾಣಿಕೆಯಿಂದಲೇ ಬರಬೇಕಾಗಿರುವುದರಿಂದ ಕಾರಣಗಳನ್ನು ಅವರ ಮುಂದೆ ಇಡುವುದು ನ್ಯಾಯವಾಗಿದೆ.

ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಅತಿ ದಪ್ಪನಾದ ತಂತಿಯು ಒಂದು ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುವುದು. ಸಾಧಾರಣ ಗಿಟಾರಿನ ಅತಿ ಕೆಳಗಿನ ತಂತಿಯ ಕಂಪನವು ಇದಕ್ಕೆ ಎರಡರಷ್ಟು. ಗಂಡಸರ ಮಂದ್ರಧ್ವನಿಯು ಹಾಡುವ ಸ್ವರಗಳೆಲ್ಲವೂ ಹೀಗೆ ಇದರೊಳಗೆ ಅಡಕವಾಗಿವೆ. ತಂತಿಯ ಕೆಳಗಿನ ಅಯಸ್ಕಾಂತವೂ ಅದಕ್ಕೆ ಸುತ್ತಿದ ಸಣ್ಣ ತಾಮ್ರದ ತಂತಿಯ ಸುರುಳಿಯೂ ಆ ಕಂಪನವನ್ನು ವಿದ್ಯುತ್ತನ್ನಾಗಿ ಮಾರ್ಪಡಿಸಿ ಆಂಪ್ಲಿಫಯರಿಗೆ ಒಪ್ಪಿಸುವುವು. ಅಮೇರಿಕದ ಸಿಯಾಟಲ್ ಪಟ್ಟಣದಲ್ಲಿ ಪಾಲ್ ಟಟ್‌ಮಾರ್ಕ್ ಎಂಬವನು ೧೯೩೦ರ ದಶಕದಲ್ಲಿಯೇ ಇಂಥದೊಂದನ್ನು ನಿರ್ಮಿಸಿದ್ದನು. ಆದರೆ ಇದು ಲೋಕಪ್ರಸಿದ್ಧವಾದದ್ದು ೧೯೫೧ರಲ್ಲಿ ಲಿಯೋ ಫೆಂಡರನು ತನ್ನ ಪ್ರಿಸಿಷನ್ ಬೇಸನ್ನು ಮಾರಾಟಕ್ಕೆ ತಂದ ಮೇಲೆ. ಅದಕ್ಕೆ ಮುಂಚೆ ಈ ಸ್ವರಗಳು ಬೇಕಾದವರು ಆಳೆತ್ತರದ ಪಿಟೀಲನ್ನು ಹೊತ್ತು ತಿರುಗಬೇಕಾಗಿತ್ತು.

ಇದು ಪರದೇಶದ ವಾದ್ಯ, ನಮ್ಮ ಆರಾಧನೆಗೆ ಒಗ್ಗದು ಎಂಬ ಆಕ್ಷೇಪವುಂಟು. ಹಾಗೆನ್ನುವವರು ಹಾರ್ಮೋನಿಯಮ್ಮಿನ ಚರಿತ್ರೆಯನ್ನು ನೆನೆಯಬೇಕು. ಪ್ಯಾರಿಸಿನಲ್ಲಿ ೧೮೪೨ರಲ್ಲಿ ಹಕ್ಕುಪತ್ರ ಪಡೆದ ಆ ಪೆಟ್ಟಿಗೆಯು ಇಂದು ಭಜನಾಮಂದಿರದಿಂದ ಕಂಪನಿ ನಾಟಕದವರೆಗೆ ಎಲ್ಲೆಲ್ಲಿಯೂ ನಮ್ಮದೇ ಆಗಿದೆ. ಆಕಾಶವಾಣಿಯವರು ೧೯೪೦ರಿಂದ ಮೂರು ದಶಕಗಳ ಕಾಲ ಅದನ್ನು ಹೊರಗಿಟ್ಟರೂ ಜನರು ಅದನ್ನು ಬಿಡಲಿಲ್ಲ. ವಾದ್ಯವು ಎಲ್ಲಿ ಹುಟ್ಟಿತೆಂಬುದಲ್ಲ, ಅದನ್ನು ಯಾವ ಭಕ್ತಿಯಿಂದ ನುಡಿಸುವರೆಂಬುದೇ ಮುಖ್ಯವು.

ಎರಡನೆಯ ಆಕ್ಷೇಪವು ಇನ್ನೂ ಆಳವಾದದ್ದು. ಇದು ಹುಡುಗರ ವಾದ್ಯವೆಂಬುದು. ಸಭೆಗಳಲ್ಲಿಯೂ ಮದುವೆಯ ವಾದ್ಯಗೋಷ್ಠಿಗಳಲ್ಲಿಯೂ ಇದನ್ನು ಹಿಡಿದು ನಿಲ್ಲುವವರು ಬಹುಮಟ್ಟಿಗೆ ಗಂಡಸರೇ ಎಂಬುದು ನಿಜ. ಆದರೆ ಕ್ಯಾರೊಲ್ ಕೇ ಎಂಬ ಮಹಿಳೆಯು ೧೯೬೩ರಲ್ಲಿ ಬಾರದೆ ಹೋದ ವಾದಕನೊಬ್ಬನ ಬದಲಿಗೆ ಇದನ್ನು ಕೈಗೆತ್ತಿಕೊಂಡು ಲಾಸ್ ಏಂಜಲೀಸಿನ ಧ್ವನಿಮುದ್ರಣಶಾಲೆಗಳಲ್ಲಿ ಅಗ್ರಗಣ್ಯಳಾದಳು. ನಮ್ಮ ದೇಶದಲ್ಲಿಯೇ ೧೯೯೬ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮೋಹಿನಿ ಡೇ ಎಂಬ ತರುಣಿಯು ತಂದೆಯಿಂದ ಎಳವೆಯಲ್ಲಿಯೇ ಕಲಿತು ಹಲವು ದೇಶಗಳಲ್ಲಿ ಕೀರ್ತಿ ಪಡೆದಿರುವಳು. ಹೆಣ್ಣುಮಕ್ಕಳು ಅಕ್ಷರ ಕಲಿಯಬಾರದೆಂದು ಜನರು ಅನ್ನುತ್ತಿದ್ದ ಕಾಲದಲ್ಲಿ ಮಿಷನ್ ಶಾಲೆಗಳು ಬಾಗಿಲು ತೆರೆದುವು. ಆ ಪರಂಪರೆಯ ಶಾಲೆಯೊಂದು ನಾಲ್ಕು ತಂತಿಗಳಿಗೆ ಹೆದರುವುದು ತಕ್ಕದ್ದಲ್ಲ.

ವಿದ್ಯುತ್ ಕೀಬೋರ್ಡಿನಲ್ಲಿಯೇ ಮಂದ್ರಸ್ವರಗಳುಂಟಲ್ಲವೆ ಎಂದು ಮೂರನೆಯವರು ಕೇಳುವರು. ಉಂಟು. ಆದರೆ ಅದರಿಂದ ಒಬ್ಬಳೇ ಹುಡುಗಿಗೆ ಎಲ್ಲ ಕೆಲಸವೂ, ಉಳಿದವರಿಗೆ ಬರಿಯ ಶ್ರವಣವೂ ಆಗುವುದು. ಬೇಸ್ ನುಡಿಸುವವಳು ತಾನು ಮೆರೆಯದೆ ಎಲ್ಲರನ್ನೂ ಹೊತ್ತು ನಿಲ್ಲುವಳು. ತಾಳ ತಪ್ಪದಂತೆ ಇತರರನ್ನು ಕಿವಿಗೊಟ್ಟು ಕೇಳುವಳು. ಇದಕ್ಕಿಂತ ಒಳ್ಳೆಯ ನಡತೆಯ ಶಿಕ್ಷಣವು ಯಾವುದು?

ಇನ್ನು ಹೊಸದನ್ನೇ ಏಕೆ ಕೊಳ್ಳಬಾರದು? ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಮೊದಲನೆಯ ಉತ್ತರ. ಅಗ್ಗದ ಹೊಸದಕ್ಕಿಂತ ಒಳ್ಳೆಯ ಹಳೆಯದು ಮೇಲೆಂಬುದು ಎರಡನೆಯದು. ಇದನ್ನು ಹರಿಹರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ೧೯೪೧ರಲ್ಲಿ ಸ್ಥಾಪಿತವಾಗಿ ಲೇತುಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಈಗ ನಡೆಯುತ್ತಿಲ್ಲವಾದರೂ, ಅಲ್ಲಿ ಪಳಗಿದ ಕಣ್ಣುಗಳು ಊರಿನಲ್ಲಿ ಇನ್ನೂ ಇವೆ. ಹಳೆಯ ಲೇತನ್ನು ಕೊಳ್ಳುವ ಜಾಣನು ಬಣ್ಣವನ್ನು ನೋಡುವುದಿಲ್ಲ. ಅದರ ಬೆಡ್ಡು ನೆಟ್ಟಗಿದೆಯೇ, ತಿರುಪುಗಳು ಸವೆದಿವೆಯೇ ಎಂದು ನೋಡುವನು. ದಾವಣಗೆರೆಯ ಹತ್ತಿಯ ಗಿರಣಿಗಳಲ್ಲಿ ದುಡಿದವರೂ ಇದನ್ನೇ ಹೇಳುವರು. ಬೇಸ್ ಗಿಟಾರಿನ ಪರೀಕ್ಷೆಯೂ ಇದೇ ಬಗೆಯದು.

ಮೊದಲು ದಂಡಿಯನ್ನು ನೋಡತಕ್ಕದ್ದು. ತಂತಿಯನ್ನು ಮೊದಲನೆಯ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಏಕಕಾಲಕ್ಕೆ ಒತ್ತಿ ಹಿಡಿದರೆ ನಡುವೆ ತೆಳುವಾದ ರಟ್ಟಿನಷ್ಟು ಸಂದು ಕಾಣಬೇಕು. ಅದಕ್ಕೂ ಹೆಚ್ಚಾಗಿ ಬಾಗಿದ್ದರೆ ದಂಡಿಯೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ತಿದ್ದಬಹುದು. ಆ ಸರಳು ಈಗಾಗಲೇ ಕೊನೆಯವರೆಗೆ ಬಿಗಿದಿದ್ದರೆ ಅಥವಾ ದಂಡಿಯು ಹುರಿಗೊಂಡಿದ್ದರೆ ಅದನ್ನು ಬಿಟ್ಟುಬರುವುದೇ ಲೇಸು. ಅನಂತರ ಪ್ರತಿಯೊಂದು ಮೆಟ್ಟಿಲಿನ ಮೇಲೂ ಪ್ರತಿಯೊಂದು ತಂತಿಯನ್ನೂ ಮೀಟಿ, ನಾದವು ಕರಕರಗುಟ್ಟದೆ ಬರುವುದೇ ಎಂದು ಕೇಳಬೇಕು. ಸವೆದ ಮೆಟ್ಟಿಲುಗಳನ್ನು ಹೊಸದಾಗಿ ಕೂಡಿಸುವ ಖರ್ಚು ಅಗ್ಗದ ವಾದ್ಯದ ಬೆಲೆಯನ್ನೇ ಮೀರಬಹುದು. ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದ ಸ್ವರಕ್ಕೂ, ಅಲ್ಲಿಯೇ ಬೆರಳನ್ನು ಹಗುರವಾಗಿ ಸೋಕಿಸಿ ಮೀಟಿದ ಸ್ವರಕ್ಕೂ ಭೇದವಿದ್ದರೆ ಕುದುರೆಯನ್ನು ಸರಿಸಿ ಸರಿಪಡಿಸಬಹುದು. ಬಿರಡೆಗಳು ಜಾರಬಾರದು. ಆಂಪ್ಲಿಫಯರಿಗೆ ಜೋಡಿಸಿ ಗುಂಡಿಗಳನ್ನು ತಿರುಗಿಸುವಾಗ ಚರಚರ ಸದ್ದು ಬಂದರೆ ಅದು ಬಹುಶಃ ಬರಿಯ ಧೂಳು, ಅಂಜಬೇಕಾಗಿಲ್ಲ. ಪಿಕಪ್ಪೇ ಮೂಕವಾಗಿದ್ದರೆ ಮಾತ್ರ ಅಂಜತಕ್ಕದ್ದು. ಮೈಮೇಲಿನ ಗೀರುಗಳು ಬೆಲೆಯನ್ನು ಇಳಿಸುವುವೇ ಹೊರತು ನಾದವನ್ನಲ್ಲ. ಆದುದರಿಂದ ಅವು ನಮ್ಮ ಮಿತ್ರರು.

ಚಿಕ್ಕ ಕೈಗಳ ಬಾಲೆಯರಿಗೆ ತಂತಿಯ ಉದ್ದವು ೩೪ ಅಂಗುಲವಿರುವ ರೂಢಿಯ ವಾದ್ಯಕ್ಕಿಂತ ೩೦ ಅಂಗುಲದ ಚಿಕ್ಕದು ಅನುಕೂಲವು. ತೂಕವು ನಾಲ್ಕು ಕಿಲೋಗ್ರಾಂ ಆಸುಪಾಸಿನಲ್ಲಿ ಇರುವುದರಿಂದ ಅಗಲವಾದ ಹೆಗಲುಪಟ್ಟಿಯೂ ಬೇಕು. ಹೊಸ ತಂತಿಗಳ, ಚೀಲದ, ಆಂಪ್ಲಿಫಯರಿನ ಬೆಲೆಯನ್ನು ಮೊದಲೇ ಕೂಡಿಸಿಡತಕ್ಕದ್ದು. ಮನೆಯ ಸಣ್ಣ ಸ್ಪೀಕರಿನಲ್ಲಿ ಈ ವಾದ್ಯವನ್ನು ಗಟ್ಟಿಯಾಗಿ ನುಡಿಸಿದರೆ ಸ್ಪೀಕರು ಹರಿದುಹೋಗುವ ಭಯವುಂಟು. ಇವೆಲ್ಲವೂ ಸೇರಿ ಹೊಸ ವಾದ್ಯವೊಂದರ ಬೆಲೆಯನ್ನು ಮೀರುವುದಾದರೆ ಹಳೆಯದನ್ನು ಕೊಂಡು ಫಲವೇನು?

ಮಾರುವವರ ವಿಷಯದಲ್ಲಿಯೂ ಎಚ್ಚರವು ಅಗತ್ಯ. ಮೊಬೈಲಿನಲ್ಲಿ ಚಿತ್ರವನ್ನು ನೋಡಿ ಮುಂಗಡ ಹಣವನ್ನು ಕಳುಹಿಸಬಾರದು. ಹುಬ್ಬಳ್ಳಿಗಾಗಲಿ ಬೆಂಗಳೂರಿಗಾಗಲಿ ನಮ್ಮೂರಿನಿಂದ ನೇರವಾಗಿ ರೈಲುಂಟು. ಬಲ್ಲವರೊಬ್ಬರನ್ನು ಕರೆದುಕೊಂಡು ಹಗಲಿನಲ್ಲಿ ಹೋಗಿ, ನುಡಿಸಿ ನೋಡಿ, ರಸೀತಿಯನ್ನೋ ಮಾರಿದವರ ಸಹಿಯುಳ್ಳ ಚೀಟಿಯನ್ನೋ ಪಡೆದು ಬರಬೇಕು. ಕದ್ದ ವಸ್ತುವಿನಿಂದ ದೇವರನ್ನು ಸ್ತುತಿಸಲಾಗದು.

ಕಡೆಯದಾಗಿ ಒಂದು ಮಾತು. ಕೊಂಡ ವಾದ್ಯವು ಕಚೇರಿಯ ಬೀರುವಿನಲ್ಲಿ ಬೀಗದೊಳಗೆ ಕುಳಿತು ವಾರ್ಷಿಕೋತ್ಸವದ ದಿನ ಮಾತ್ರ ಹೊರಬರುವುದಾದರೆ ಕೊಳ್ಳದಿರುವುದೇ ಮೇಲು. ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕನ ಗತಿಯು ನಮ್ಮ ವಾಚಕರಿಗೆ ತಿಳಿದದ್ದೇ. ಮನೆಯಲ್ಲಿ ವಾದ್ಯವನ್ನು ಕೊಳ್ಳಲು ಶಕ್ತಿಯಿಲ್ಲದ ಹುಡುಗಿಗೆ ವಾರದಲ್ಲಿ ಎರಡು ಸಂಜೆಯಾದರೂ ಅದು ಕೈಗೆ ಸಿಕ್ಕಬೇಕು; ಬೇಸಗೆಯ ಬಿಸಿಲಿಗೆ ಮರವು ಒಣಗದಂತೆ ಅದನ್ನು ಕಿಟಕಿಯಿಂದ ದೂರವಿಡುವ ಹೊಣೆಯೂ ಆಕೆಯದೇ ಆಗಬೇಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯಲ್ಲಿಯಾದರೂ, ದೂರದೇಶಕ್ಕೆ ಹೋದ ಮಗನದೋ ತಮ್ಮನದೋ ಇಂಥ ವಾದ್ಯವೊಂದು ಧೂಳು ತಿನ್ನುತ್ತ ಬಿದ್ದಿದ್ದರೆ, ಅದನ್ನು ಶಾಲೆಗೆ ಒಪ್ಪಿಸಬೇಕೆಂದು ನಾವು ವಿನಯದಿಂದ ಬೇಡುತ್ತೇವೆ. ಆಗ ನಾವು ಹೇಳಿದ ಲೆಕ್ಕಾಚಾರವೆಲ್ಲವೂ ಅನಾವಶ್ಯಕವಾಗುವುದು; ನಮ್ಮ ಮಕ್ಕಳ ಹಾಡಿಗೆ ತಳಪಾಯವು ದೊರೆಯುವುದು.