ಸಾಲಿನ ಅಳತೆ ಕಲ್ಲಿನದು, ಪಠ್ಯದ್ದಲ್ಲ

ಸರಳ ಪಠ್ಯವನ್ನು 80 ಅಕ್ಷರಕ್ಕೊಮ್ಮೆ ಮುರಿದು ಉಳಿಸಿದರೆ ಎಲ್ಲ ಪರದೆಗಳಲ್ಲೂ ಓದು ಸಲೀಸು, ನಮ್ಮ ಶಾಸನಗಳ ಸಮಸಾಲುಗಳೇ ಅದಕ್ಕೆ ಮಾದರಿ ಎಂಬ ವಾದವಿದೆ. ಆದರೆ ಹುನಗುಂದ ಸೀಮೆಯ ಐಹೊಳೆಯಲ್ಲಿರುವ ಕವಿ ರವಿಕೀರ್ತಿಯ ಶಾಸನವೇ ಇದಕ್ಕೆ ಎದುರುಸಾಕ್ಷಿ. ಮೇಗುತಿ ಗುಡಿಯ ಗೋಡೆಯಲ್ಲಿರುವ ಕ್ರಿ.ಶ. 634ರ ಈ ಶಾಸನದಲ್ಲಿ 37 ಪದ್ಯಗಳಿವೆ. ಸಾಲುಗಳು 19 ಮಾತ್ರ. ಸಾಲನ್ನು ನಿಲ್ಲಿಸಿದ್ದು ಕಲ್ಲಿನ ಅಗಲ, ಪದ್ಯವನ್ನು ನಿಲ್ಲಿಸಿದ್ದು ಛಂದಸ್ಸು. ಕಲ್ಲಿಗೆ ಇರುವುದು ಒಂದೇ ಅಗಲ. ಇಂದಿನ ಪಠ್ಯವಾದರೋ ಮೊಬೈಲಿನಲ್ಲೂ ದೊಡ್ಡ ಪರದೆಯಲ್ಲೂ ತೆರೆದುಕೊಳ್ಳಬೇಕು. 80ಕ್ಕೆ ಮುರಿದ ಸಾಲು ಕಿರುಪರದೆಯಲ್ಲಿ ಮತ್ತೆ ಮುರಿದು ಉದ್ದ-ಗಿಡ್ಡ ತುಂಡುಗಳಾಗುತ್ತದೆ.

ಇನ್ನು 80 ಎಂಬ ಸಂಖ್ಯೆ 1928ರ ಐಬಿಎಂ ಪಂಚ್ ಕಾರ್ಡಿನ 80 ಕಂಬಸಾಲುಗಳಿಂದ ಬಂದದ್ದು, ಕನ್ನಡದ ಓದಿನಿಂದಲ್ಲ. ‘ಬಾಗಲಕೋಟೆ’ ನಮ್ಮ ಕಣ್ಣಿಗೆ 5 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಹಾಗಾದರೆ ಎಣಿಸಬೇಕಾದ 80 ಯಾವುದು? ಬೈಟ್ ಎಣಿಸಿ ಕುರುಡಾಗಿ ಕತ್ತರಿಸುವ ತಂತ್ರಾಂಶ ಅಕ್ಷರವನ್ನೇ ಸೀಳಬಲ್ಲದು.

ಅತಿ ಉದ್ದದ ಸಾಲು ಕಣ್ಣನ್ನು ದಣಿಸುತ್ತದೆಂಬ ಆಕ್ಷೇಪ ನಿಜ. ಅದಕ್ಕೆ ಮದ್ದು ತೋರಿಸುವ ತಂತ್ರಾಂಶದಲ್ಲಿದೆ, ಉಳಿಸುವ ಕಡತದಲ್ಲಿಲ್ಲ. ಪದ್ಯಕ್ಕೆ, ಪಟ್ಟಿಗೆ ಕವಿ ಅಥವಾ ಲೇಖಕ ಬೇಕೆಂದೇ ಇಟ್ಟ ಸಾಲುಮುರಿತ ಉಳಿಯಲಿ. ಗದ್ಯಕ್ಕೆ ಪ್ಯಾರಾ ಒಂದೇ ಗಡಿಯಾಗಲಿ. ಕನ್ನಡ ಪಠ್ಯಗಳನ್ನು ಗಣಕಕ್ಕೇರಿಸುವವರು ಈ ನಿಯಮವನ್ನು ಇಂದೇ ಪಾಲಿಸಬೇಕು.