ಬೀರುವಿನ ಬೀಗದ ಕೈ

ಏಪ್ರಿಲ್ ಬಂತೆಂದರೆ ನಮ್ಮ ಸಾಹಿತ್ಯವಲಯದ ಹಳೆಯ ಗೋಳು ಮತ್ತೆ ಶುರು. ಮಕ್ಕಳು ಓದುತ್ತಿಲ್ಲ, ಮೊಬೈಲು ಅವರನ್ನು ನುಂಗಿಬಿಟ್ಟಿತು, ನಾವಾದರೋ ಚಂದಮಾಮಕ್ಕಾಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆವು. ಗೋಳು ಮುಗಿದ ಮೇಲೆ ಒಂದು ಪಟ್ಟಿ ಬರುತ್ತದೆ, ರಜೆಯಲ್ಲಿ ಮಕ್ಕಳು ಓದಲೇಬೇಕಾದ ಇಪ್ಪತ್ತೈದು ಪುಸ್ತಕಗಳು. ಪಟ್ಟಿ ಮಾಡಿದವರಿಗೂ ಅದನ್ನು ಹಂಚಿಕೊಂಡು ಧನ್ಯರಾದವರಿಗೂ ನನ್ನದೊಂದು ಪ್ರಶ್ನೆ. ರಜೆ ಶುರುವಾದ ದಿನ ಈ ಪುಸ್ತಕಗಳು ಎಲ್ಲಿರುತ್ತವೆ?

ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಅವು ಮುಖ್ಯ ಶಿಕ್ಷಕರ ಕೋಣೆಯ ಕಬ್ಬಿಣದ ಬೀರುವಿನಲ್ಲಿರುತ್ತವೆ. ಹಳೆಯ ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬಿ, ಕಳೆದ ಗಣರಾಜ್ಯೋತ್ಸವದ ಬಾವುಟ, ಇವುಗಳ ನಡುವೆ. ಬೀರುವಿಗೆ ಬೀಗ. ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅದಕ್ಕೆಂದೇ ಅನುದಾನವೂ ಉಂಟು. ಮಗುವಿಗೆ ಪುರುಸೊತ್ತಿಲ್ಲದ ಹತ್ತು ತಿಂಗಳು ಪುಸ್ತಕ ಕೈಗೆಟಕುವಷ್ಟು ದೂರದಲ್ಲಿರುತ್ತದೆ, ಪುರುಸೊತ್ತು ಸಿಕ್ಕ ಕೂಡಲೇ ಒಳಗೆ ಸೇರುತ್ತದೆ. ಇದನ್ನು ಬಿಟ್ಟು ಮೊಬೈಲನ್ನು ಬೈಯುವುದು ನಮಗೆ ಸುಲಭವಾಗಿದೆ.

ಶಿಕ್ಷಕಿಯನ್ನು ದೂರುವ ಮುನ್ನ ಆಕೆಯ ದಾಸ್ತಾನು ವಹಿಯನ್ನು ನೋಡಬೇಕು. ವರ್ಗಾವಣೆಯಾದಾಗ ಆಕೆ ಪುಸ್ತಕಗಳನ್ನು ಎಣಿಸಿ ಮುಂದಿನವರಿಗೆ ಒಪ್ಪಿಸಬೇಕು. ನೂರಿಪ್ಪತ್ತು ಇರಬೇಕಾದಲ್ಲಿ ನೂರಹನ್ನೊಂದು ಇದ್ದರೆ ಉತ್ತರ ಹೇಳಬೇಕಾದವಳು ಆಕೆಯೇ. ನೂರಿಪ್ಪತ್ತೂ ಹೊಚ್ಚಹೊಸದಾಗಿ, ಹಾಳೆ ಬಿಡಿಸದೆ, ಗೆದ್ದಲಿಗೆ ಕಾದು ಕೂತಿದ್ದರೆ ಯಾರೂ ಏನೂ ಕೇಳುವುದಿಲ್ಲ. ಇಂಥ ಲೆಕ್ಕದಲ್ಲಿ ಬೀಗ ಹಾಕುವವಳೇ ಜಾಣೆ. ಓದಿ ಹರಿದ, ಓದಲು ಒಯ್ದು ಕಳೆದ ಪುಸ್ತಕವನ್ನು ಪ್ರಶ್ನೆಯಿಲ್ಲದೆ ವಹಿಯಿಂದ ತೆಗೆಯಬಹುದೆಂಬ ಧೈರ್ಯವನ್ನು ಆಕೆಗೆ ಕಾಗದದ ಮೇಲೆ ಕೊಡಬೇಕು, ಸಮಾರಂಭದ ಭಾಷಣದಲ್ಲಿ ಕೊಟ್ಟರೆ ಸಾಲದು.

ಎರಡು ತಿಂಗಳು ಓದದಿದ್ದರೆ ಏನು ಮುಳುಗಿತು ಎನ್ನುವವರಿದ್ದಾರೆ. ಮೂರನೇ ತರಗತಿ ಮುಗಿಸಿದ ಮಗುವನ್ನು ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಆ ಮಗು ಮೂರು ವರ್ಷ ಕಾರ್ಡುಗಳ ಜೊತೆ, ಗುಂಪಿನಲ್ಲಿ, ನೆಲದ ಮೇಲೆ ಕೂತು ಕಲಿತಿರುತ್ತದೆ. ಜೂನ್‌ನಲ್ಲಿ ಅದರ ಕೈಗೆ ಬರುವುದು ದಪ್ಪ ಪಠ್ಯಪುಸ್ತಕ, ಉದ್ದುದ್ದ ಪ್ಯಾರಾಗಳು. 'ಸ್ವಾತಂತ್ರ್ಯ' ಎಂಬ ಪದದ ಕೊನೆಯಲ್ಲಿ ಒತ್ತಿನ ಮೇಲೆ ಒತ್ತು ಕಂಡು ಎಡವುವ ವಯಸ್ಸದು. ಅಕ್ಷರ ಕೂಡಿಸಿ ಓದುವುದಕ್ಕೂ ಪದವನ್ನು ಕಂಡೊಡನೆ ಗುರುತಿಸುವುದಕ್ಕೂ ನಡುವೆ ದೊಡ್ಡ ಹಳ್ಳವಿದೆ. ಅದನ್ನು ದಾಟಿಸುವುದು ಅಭ್ಯಾಸ ಮಾತ್ರ. ಸರಿಯಾಗಿ ಆ ಹಳ್ಳದ ದಂಡೆಯಲ್ಲಿ ಏಳೆಂಟು ವಾರ ನಾವು ಮಗುವಿನ ಕೈ ಬಿಡುತ್ತೇವೆ. ಮನೆಯಲ್ಲಿ ಲಂಬಾಣಿಯೋ ತುಳುವೋ ಉರ್ದುವೋ ಮಾತನಾಡುವ ಮಗುವಾದರೆ ಆ ವಾರಗಳಲ್ಲಿ ಅಚ್ಚಾದ ಕನ್ನಡ ಅದರ ಕಣ್ಣಿಗೆ ಬೀಳುವುದು ಬಿಸ್ಕತ್ತಿನ ಪೊಟ್ಟಣದ ಮೇಲೆ, ಅದೂ ಅದೃಷ್ಟವಿದ್ದರೆ. ರಾಯಚೂರು, ಕಲಬುರಗಿಯಿಂದ ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿಗೆ ಬರುವ ಮಗುವಿನ ಚೀಲದಲ್ಲಿ ನಾಲ್ಕು ತೆಳ್ಳನೆಯ ಪುಸ್ತಕಗಳಿಗೆ ಜಾಗವಿಲ್ಲವೇ? ಐದನೇ ತರಗತಿಯ ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು ಎಂದು ಅಸರ್ ವರದಿ ಬಂದಾಗಲೆಲ್ಲ ಬೆಚ್ಚಿಬೀಳುವ ನಾವು ಈ ವಾರಗಳ ಲೆಕ್ಕ ಹಾಕಿದ್ದು ಕಡಿಮೆ.

ರಜೆಯಲ್ಲಿ ಶಾಲೆ ತೆರೆಯುವುದು ಆಗದ ಮಾತು ಎಂದು ಯಾರೂ ಹೇಳಬಾರದು. 2024ರ ಬೇಸಿಗೆಯಲ್ಲಿ ಬರಪೀಡಿತವೆಂದು ಘೋಷಿತವಾದ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟೆವು. ಒಳ್ಳೆಯ ಕೆಲಸ, ಕೊಡಲೇಬೇಕಿತ್ತು. ಅಡುಗೆಯವರು ಬಂದರು, ಮಕ್ಕಳು ತಟ್ಟೆ ಹಿಡಿದು ಬಂದರು. ಪಕ್ಕದ ಕೋಣೆಯ ಬೀರುವಿನ ಬೀಗ ತೆಗೆಯಲು ಇನ್ನೇನು ಬೇಕಿತ್ತು?

ಪಂಚಾಯಿತಿ ಗ್ರಂಥಾಲಯಗಳಿಲ್ಲವೇ ಎಂದರೆ, ಇವೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಿಸಿತು. ಮೆಚ್ಚಬೇಕಾದದ್ದೇ. ಆದರೆ ಒಂದು ಪಂಚಾಯಿತಿಗೆ ಹಲವು ಹಳ್ಳಿಗಳು, ಗ್ರಂಥಾಲಯ ಇರುವುದು ಒಂದರಲ್ಲಿ. ಮೇ ತಿಂಗಳ ಬಿಸಿಲಿನಲ್ಲಿ ಏಳು ವರ್ಷದ ಮಗು ಮೂರು ಕಿಲೋಮೀಟರ್ ನಡೆದು ಹೋಗಿ ಪುಸ್ತಕ ತರುವುದಿಲ್ಲ. ನಡೆದು ಮುಟ್ಟುವ ದೂರದಲ್ಲಿರುವುದು ಊರಿನ ಶಾಲೆಯೊಂದೇ. ಇನ್ನು ಪಟ್ಟಣದ ಶಾಖಾ ಗ್ರಂಥಾಲಯಕ್ಕೆ ಹೋದರೆ ದಿನಪತ್ರಿಕೆಯ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಯ ಯುವಕರು, ಗೋಡೆಯ ಮೇಲೆ 'ನಿಶ್ಶಬ್ದ'. ಎಂಟು ವರ್ಷದ ಮಗು ಗಟ್ಟಿಯಾಗಿಯೇ ಓದುತ್ತದೆ, ಅದು ಅಲ್ಲಿ ಎಲ್ಲಿ ಕೂರಬೇಕು?

ಖಾಸಗಿ ಶಾಲೆಗಳ ರೋಗ ಬೇರೆ. ಅಲ್ಲಿ ರಜೆಯಲ್ಲೂ ಓದಿಸುತ್ತಾರೆ. ಐದು ಪುಸ್ತಕ ಓದಿ, ಸಾರಾಂಶ ಬರೆದು, ಚಿತ್ರ ಅಂಟಿಸಿ, 'ಈ ಕಥೆಯ ನೀತಿ' ಎಂದು ಕೊನೆಗೆ ಎರಡು ಸಾಲು. ಮೇ ಕೊನೆಯ ವಾರ ಅಮ್ಮಂದಿರು ಕೂತು ಬರೆಯುವ ಸಾಹಿತ್ಯ ಪ್ರಕಾರವಿದು. ಕೇಳದಿದ್ದರೆ ಮಕ್ಕಳು ಓದುವುದೇ ಇಲ್ಲ ಎಂಬ ವಾದವುಂಟು. ಕೆಲವರು ಓದುವುದಿಲ್ಲ, ನಿಜ. ಓದುವ ಮಗು ಮಾತ್ರ ಒಂದೇ ಪುಸ್ತಕವನ್ನು ಹತ್ತು ಸಲ ಓದುತ್ತದೆ, ಆನೆಯ ಚಿತ್ರಕ್ಕೆ ಮೀಸೆ ಬರೆಯುತ್ತದೆ, ತಂಗಿಗೆ ತಪ್ಪುತಪ್ಪಾಗಿ ಓದಿ ಹೇಳುತ್ತದೆ. ಹತ್ತನೇ ಸಲಕ್ಕೆ ಒತ್ತಕ್ಷರ ತಾನಾಗಿ ನಾಲಗೆಗೆ ಬರುತ್ತದೆ. ಇದಕ್ಕೆ ಅಂಕ ಕೊಡಲು ಹೊರಟವರಿಗೆ ಓದು ಎಂದರೇನೆಂದೇ ಗೊತ್ತಿಲ್ಲ.

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆಯಾಗಿ ಸಿಗುತ್ತವೆ, ನಾವು ಬೈಯುವ ಅದೇ ಮೊಬೈಲಿನಲ್ಲಿ. ಆದರೆ ಮನೆಯ ಒಂದೇ ಫೋನು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ. ಹಾಗಾಗಿ ಮಾತು ಮತ್ತೆ ಬೀರುವಿಗೇ ಬರುತ್ತದೆ.

ಈ ಬರಹ ಓದುತ್ತಿರುವ ನೀವು ಹಳ್ಳಿ ಶಾಲೆಯಲ್ಲಿ ಕಲಿತವರಾದರೆ ಮುಂದಿನ ಪಟ್ಟಿ ತಯಾರಿಸುವ ಬದಲು ರಜೆಗೆ ವಾರ ಮುಂಚೆ ಆ ಶಾಲೆಗೆ ಹೋಗಿ. ಎಸ್‌ಡಿಎಂಸಿ ಸಭೆ ಕರೆಸಿ. ಪ್ರತಿ ಮಗುವಿಗೂ ನಾಲ್ಕು ಪುಸ್ತಕ ಕೊಟ್ಟು ಕಳಿಸುವುದೆಂದೂ, ಕಳೆದುಹೋದದ್ದನ್ನು ಶಿಕ್ಷಕಿಯ ತಲೆಗೆ ಕಟ್ಟದೆ ಸಮಿತಿಯೇ ತುಂಬಿಕೊಡುವುದೆಂದೂ ನಡಾವಳಿಯಲ್ಲಿ ಬರೆಸಿ, ಆ ಖರ್ಚು ನಿಮ್ಮದೆಂದು ಹೇಳಿ. ಇಪ್ಪತ್ತು ಪುಸ್ತಕ ಕಳೆದರೂ ಅದು ನಮ್ಮ ಯಾವುದೇ ಪುಸ್ತಕ ಬಿಡುಗಡೆಯ ಶಾಲು, ಹಾರ, ಹಣ್ಣಿನ ಬುಟ್ಟಿಯ ಖರ್ಚಿಗಿಂತ ಹೆಚ್ಚಾಗಲಾರದು.